ವಿಡಿಯೋ ಓಡದಿದ್ದರೆ ಗಾಬರಿ ಬೇಡ



ಕೆಚ್ಚಲು ಬಾವು ತಡೆಯುವುದು, ರಸಮೇವು ತಯಾರಿಸುವುದು, ಕರು ಸಾಕುವುದು, ಎಲ್ಲಕ್ಕೂ ಈಗ ವಿಡಿಯೋ ಪಾಠಗಳಿವೆ. ಮಕ್ಕಳ ಓದಿಗೆಂದು ತಂದ ಕಂಪ್ಯೂಟರಿನಲ್ಲಿ ನಾಲ್ಕು ಜನ ಒಟ್ಟಿಗೆ ಕೂತು ನೋಡಿದರೆ ಇನ್ನೂ ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ.

ಈಚೆಗೆ ಪುಲಿಕೇಶಿನಗರದ ನಮ್ಮ ಮನೆಯಲ್ಲಿ ಒಂದು ಪ್ರಸಂಗ ನಡೆಯಿತು. ಹಾಲು ಕರೆಯುವ ಮುನ್ನ ಕೆಚ್ಚಲು ತೊಳೆಯುವ ವಿಧಾನವನ್ನು ಮೊಬೈಲಿನಲ್ಲಿ ತೆಗೆದು ತಂದಿದ್ದೆ. ಕಂಪ್ಯೂಟರಿಗೆ ಹಾಕಿದರೆ ಧ್ವನಿ ಬಂತು, ಚಿತ್ರ ಬರಲಿಲ್ಲ. ಮಗಳು ಯಾವುದೋ ಪುಟದಲ್ಲಿ ಕಂಡ ದೊಡ್ಡ ‘ಡೌನ್‌ಲೋಡ್’ ಗುಂಡಿ ಒತ್ತಿದಳು. ಪ್ಲೇಯರ್ ಬರಲಿಲ್ಲ, ಪರದೆ ತುಂಬ ಜಾಹೀರಾತು ಬಂತು!

ಚಿತ್ರ ಏಕೆ ಬರಲಿಲ್ಲ? ಹಾಲನ್ನು ಪುಡಿ ಮಾಡಿ ಇಡುವಂತೆ, ಮೊಬೈಲು ವಿಡಿಯೋವನ್ನು ಕುಗ್ಗಿಸಿ ಇಡುತ್ತದೆ. ಪುಡಿಗೆ ನೀರು ಬೆರೆಸಿದರೆ ಹಾಲಾಗುವಂತೆ, ಕುಗ್ಗಿಸಿದ್ದನ್ನು ಬಿಡಿಸಿ ತೋರಿಸುವ ತಂತ್ರಾಂಶಕ್ಕೆ ‘ಕೋಡೆಕ್’ ಎನ್ನುತ್ತಾರೆ. ಈಗಿನ ಎಷ್ಟೋ ಮೊಬೈಲುಗಳು ಬಳಸುವ ‘ಎಚ್‌ಇವಿಸಿ’ ಬಗೆಯ ಕೋಡೆಕ್ ಎಲ್ಲ ಕಂಪ್ಯೂಟರುಗಳಲ್ಲಿ ಇರುವುದಿಲ್ಲ. ಅಂದರೆ ವಿಡಿಯೋ ಕೆಟ್ಟಿಲ್ಲ, ಅಳಿಸಬೇಡಿ.

‘ವಿಎಲ್‌ಸಿ’ ಎಂಬ ಪ್ಲೇಯರಿನಲ್ಲಿ ಬಹುತೇಕ ಕೋಡೆಕ್‌ಗಳು ಒಳಗೇ ಇವೆ. ಫ್ರಾನ್ಸಿನ ವಿದ್ಯಾರ್ಥಿಗಳು 1996ರಲ್ಲಿ ಆರಂಭಿಸಿದ ಕೆಲಸದಿಂದ ಬಂದ ಇದು ಪೂರ್ತಿ ಉಚಿತ. ಯಾರಾದರೂ ಇದಕ್ಕೆ ದುಡ್ಡು ಕೇಳಿದರೆ ಕೊಡಬೇಡಿ.

ಹಾಕಿಕೊಳ್ಳುವ ಕ್ರಮ:

1. ವಿಳಾಸದ ಜಾಗದಲ್ಲಿ ‘ವಿಡಿಯೋಲ್ಯಾನ್ ಡಾಟ್ ಆರ್ಗ್’ ಎಂದು ಇಂಗ್ಲಿಷಿನಲ್ಲಿ ನೀವೇ ಟೈಪ್ ಮಾಡಿ. ಜಾಹೀರಾತಿನ ಕೊಂಡಿ ಒತ್ತಬೇಡಿ. 2022ರಲ್ಲಿ ಕೆಲವು ತಿಂಗಳು ನಮ್ಮ ದೇಶದಲ್ಲಿ ಈ ತಾಣಕ್ಕೆ ತಡೆಯಿತ್ತು. ಆ ವರ್ಷದ ನವೆಂಬರಿನಲ್ಲಿ ತೆರವಾಗಿದೆ. ಆದ್ದರಿಂದ ಬೇರೆ ತಾಣಗಳಿಗೆ ಹೋಗುವ ಅಗತ್ಯವಿಲ್ಲ.

2. ಇಳಿಸಿದ ಕಡತವನ್ನು ಎರಡು ಸಲ ಒತ್ತಿ, ‘ನೆಕ್ಸ್ಟ್’, ‘ಇನ್‌ಸ್ಟಾಲ್’ ಎಂದು ಮುಂದುವರಿಯಿರಿ.

3. ವಿಡಿಯೋದ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಓಪನ್ ವಿತ್’ನಲ್ಲಿ ವಿಎಲ್‌ಸಿ ಆರಿಸಿ.

ಮುಂದೆಂದಾದರೂ ಚಿತ್ರ ಅಥವಾ ಧ್ವನಿ ಹದ ತಪ್ಪಿದರೆ, ವಿಎಲ್‌ಸಿಯ ‘ಟೂಲ್ಸ್’ನಲ್ಲಿ ‘ಪ್ರಿಫರೆನ್ಸಸ್’ ತೆರೆದು, ಕೆಳಗಿರುವ ‘ರಿಸೆಟ್ ಪ್ರಿಫರೆನ್ಸಸ್’ ಒತ್ತಿ. ಎಲ್ಲವೂ ಮೊದಲಿನ ಸ್ಥಿತಿಗೆ ಬರುತ್ತದೆ, ನಿಮ್ಮ ವಿಡಿಯೋಗಳು ಹಾಗೇ ಇರುತ್ತವೆ. ವಿಂಡೋಸಿನ ಹಳೆಯ ಮೀಡಿಯಾ ಪ್ಲೇಯರ್ ಕಾಣೆಯಾಗಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ‘ಆಪ್ಷನಲ್ ಫೀಚರ್ಸ್’ ಎಂದು ಹುಡುಕಿ, ಅಲ್ಲಿಂದ ಮತ್ತೆ ಸೇರಿಸಿಕೊಳ್ಳಬಹುದು.

ನಮ್ಮ ಮನೆಯಂತೆ ತಪ್ಪು ಗುಂಡಿ ಒತ್ತಿ ಆಗಿದ್ದರೆ? ಸೆಟ್ಟಿಂಗ್ಸ್‌ನ ‘ಆಪ್ಸ್’ನಲ್ಲಿ ಆ ದಿನ ಬಂದ ಅಪರಿಚಿತ ತಂತ್ರಾಂಶವನ್ನು ತೆಗೆದುಹಾಕಿ, ‘ವಿಂಡೋಸ್ ಸೆಕ್ಯುರಿಟಿ’ಯಲ್ಲಿ ‘ಫುಲ್ ಸ್ಕ್ಯಾನ್’ ಮಾಡಿ. ಅದು ಮುಗಿಯುವವರೆಗೆ ಆ ಕಂಪ್ಯೂಟರಿನಲ್ಲಿ ಬ್ಯಾಂಕ್ ಖಾತೆ ತೆರೆಯಬೇಡಿ. ಹಾಲಿನ ಬಟವಾಡೆ, ಸರ್ಕಾರದ ಪ್ರೋತ್ಸಾಹಧನ ಬರುವುದು ಆ ಖಾತೆಗೇ ಅಲ್ಲವೇ? ಪಾಸ್‌ವರ್ಡನ್ನು ಮೊಬೈಲಿನಿಂದ ಬದಲಿಸಿ. ಹಣ ಹೋಗಿರುವುದು ಕಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಹೊಸ ರಾಸು ತರುವಾಗ ಎಲ್ಲಿಂದ ಬಂತು, ಲಸಿಕೆ ಆಗಿದೆಯೇ ಎಂದು ವಿಚಾರಿಸಿಯೇ ಕೊಟ್ಟಿಗೆಗೆ ಕಟ್ಟುತ್ತೀರಿ. ಕಂಪ್ಯೂಟರಿಗೆ ತರುವ ತಂತ್ರಾಂಶಕ್ಕೂ ಅದೇ ವಿಚಾರಣೆ ಇರಲಿ.