ರೀಮಾಸ್ಟರೋ, ರೀಮಿಕ್ಸೋ? ‘ಡಾರ್ಕ್ ಸೈಡ್’ ಆಲ್ಬಮ್ಮಿನ ಸರೌಂಡ್ ರೂಪ

ರೀಮಾಸ್ಟರಿಂಗ್ ಅಂತ ಸಲೀಸಾಗಿ ಹೇಳಿಬಿಡ್ತೇವೆ. ಹಳೆಯ ರಾಕ್ ಆಲ್ಬಮನ್ನು ಸರೌಂಡ್‌ಗೆ ತರುವ ಕೆಲಸಕ್ಕೆ ಆ ಮಾತು ಸಾಲದು. ಸ್ಟೀರಿಯೊ ಮಾಸ್ಟರ್ ಟೇಪಿನಲ್ಲಿ ಗಿಟಾರು, ಡ್ರಮ್ಸು, ದನಿ ಎಲ್ಲ ಬೆರೆತು ಮುಗಿದಿರುತ್ತವೆ. ಅದನ್ನೇ ತಿದ್ದಿ ಹೊಳಪು ಕೊಡುವುದು ರೀಮಾಸ್ಟರಿಂಗ್. ಸರೌಂಡ್ ಬೇಕಾದರೆ ಬೆರೆಸುವ ಮುಂಚಿನ ಮಲ್ಟಿಟ್ರ್ಯಾಕ್ ಟೇಪಿಗೇ ಹೋಗಬೇಕು. ಅದು ಕಳೆದುಹೋಗಿದ್ದರೆ ಕೆಲಸ ಬಲು ಕಷ್ಟ.

ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ (1973) ನೋಡಿ. ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊದಲ್ಲಿ 16 ಟ್ರ್ಯಾಕಿನ ಟೇಪಿನಲ್ಲಿ ಮುದ್ರಣ. ಟ್ರ್ಯಾಕು ಸಾಲದಾದಾಗ ಕೆಲವನ್ನು ಕೂಡಿಸಿ ಇನ್ನೊಂದು ಟೇಪಿಗೆ ಇಳಿಸಿದರು. ಹೀಗೆ ಇಳಿಸಿದಷ್ಟೂ ಟೇಪಿನ ‘ಸುಸ್’ ಸದ್ದು ಹೆಚ್ಚುತ್ತದೆ. 2003ರ ಎಸ್‌ಎಸಿಡಿಗೆ 5.1 ಮಿಕ್ಸ್ ಮಾಡಿದ ಜೇಮ್ಸ್ ಗಥ್ರಿ, ಇಳಿಸುವ ಮುಂಚಿನ ಟೇಪುಗಳಿಗೇ ಹಿಂತಿರುಗಿದರು.

ಸ್ಟೀರಿಯೊ ಒಂದೇ ಅಸಲಿ, ಉಳಿದದ್ದೆಲ್ಲ ಆಮೇಲಿನ ಅಲಂಕಾರ ಅನ್ನುವವರು ಉಂಟು. ನಾನು ಒಪ್ಪುವುದಿಲ್ಲ. ‘ಟೈಮ್’ ಹಾಡಿನ ಗಡಿಯಾರಗಳನ್ನು ಎಂಜಿನಿಯರ್ ಅಲನ್ ಪಾರ್ಸನ್ಸ್ ಮುದ್ರಿಸಿಕೊಂಡದ್ದೇ ನಾಲ್ಕು ಸ್ಪೀಕರಿನ ಕ್ವಾಡ್ರಫೋನಿಕ್ ಪ್ರಯೋಗಕ್ಕೆ, ಈ ಆಲ್ಬಮ್ಮಿಗೆಂದೂ ಅಲ್ಲ! ‘ಮನಿ’ಯ ನಾಣ್ಯದ ಸದ್ದು ಅವರ ಕ್ವಾಡ್ ಮಿಕ್ಸಿನಲ್ಲಿ ಕೋಣೆ ಸುತ್ತ ನಡೆದಾಡುತ್ತದೆ. ಸುತ್ತ ಕೇಳಿಸುವ ಆಸೆ ಆ ಕಾಲದ್ದೇ ಆಯ್ತಲ್ಲ. ಆಗಿನ ಕ್ವಾಡ್ ಎಲ್‌ಪಿಗಳಲ್ಲಿ ನಾಲ್ಕು ಚಾನೆಲನ್ನು ಎರಡರೊಳಗೆ ತುರುಕುವುದು ಸಾಮಾನ್ಯ ವಿಧಾನ. ಬಿಡಿಸಿಕೊಳ್ಳುವಾಗ ಒಂದರ ಸದ್ದು ಇನ್ನೊಂದಕ್ಕೆ ಸೋರುತ್ತಿತ್ತು. ಎಸ್‌ಎಸಿಡಿಯಲ್ಲಿ ಆರೂ ಚಾನೆಲ್ ಬೇರೆಬೇರೆಯೇ ಉಳಿಯುತ್ತವೆ.

2011ರ ‘ಇಮ್ಮರ್ಶನ್’ ಪೆಟ್ಟಿಗೆಯಲ್ಲಿ ಪಾರ್ಸನ್ಸರ ಕ್ವಾಡ್, ಗಥ್ರಿಯವರ 5.1 ಎರಡೂ ಇವೆ. ಒಂದೇ ಹಾಡನ್ನು ಎರಡರಲ್ಲೂ ಕೇಳಿ. ಆಮೇಲೆ ಚರ್ಚೆಗೆ ಬರೋಣ.