ಆಕಾಶದ ಬಿಳಿಗೆರೆ: ವಿಷವೋ, ಹಿಮವೋ?

ಆರ್.ಕೆ.ಪುರಂನ ನಿವಾಸಿಗಳಿಗೆ ವಿಮಾನ ಹೊಸತಲ್ಲ. ಪಾಲಂ ನೆರೆಯಲ್ಲೇ ಇರುವುದರಿಂದ ಅದರ ಸದ್ದು ದಿನಚರಿಯ ಭಾಗವೇ ಆಗಿಹೋಗಿದೆ. ಆದರೆ ಚಳಿಗಾಲದ ತಿಳಿಯಾದ ದಿನಗಳಲ್ಲಿ, ಬಹು ಎತ್ತರದಲ್ಲಿ ಸಾಗುವ ವಿಮಾನಗಳು ಹಿಂದೆ ಬಿಡುವ ಬಿಳಿಗೆರೆಗಳು ಕೆಲವರಲ್ಲಿ ಸಂಶಯ ಹುಟ್ಟಿಸುತ್ತವೆ. ಕೆಲವು ಗೆರೆಗಳು ನಿಮಿಷದೊಳಗೆ ಮಾಯವಾಗುತ್ತವೆ. ಕೆಲವು ಗಂಟೆಗಟ್ಟಲೆ ಉಳಿದು, ಹಿಂಜಿದ ಹತ್ತಿಯಂತೆ ಹರಡಿಕೊಳ್ಳುತ್ತವೆ. ಹೀಗೆ ಉಳಿಯುವುದು ಗುಟ್ಟಾಗಿ ಸಿಂಪಡಿಸಿದ ರಾಸಾಯನಿಕ, ಅಂದರೆ ‘ಕೆಮ್‌ಟ್ರೇಲ್’ ಎಂಬುದು ಒಂದು ವಾದ. ನಮ್ಮ ಕೆಮ್ಮು ದಮ್ಮುಗಳಿಗೂ ಅದೇ ಕಾರಣವೆಂದು ಹೇಳುವವರುಂಟು. ಅದು ಸಾಧಾರಣ ಹಿಮಗೆರೆ, ಅಂದರೆ ‘ಕಾಂಟ್ರೇಲ್’ ಎಂಬುದು ವಿಜ್ಞಾನಿಗಳ ಉತ್ತರ. ಆರೋಗ್ಯದ ಪ್ರಶ್ನೆಯಾದುದರಿಂದ ಎರಡನ್ನೂ ತೂಗಿ ನೋಡುವುದು ಉಚಿತ.

ಗೆರೆ ಮೂಡುವ ಬಗೆ

ಒಂದು ಕಿಲೋ ವಿಮಾನ ಇಂಧನ ಉರಿದಾಗ ಸುಮಾರು 1.25 ಕಿಲೋ ನೀರಾವಿ ಹೊರಬೀಳುತ್ತದೆ. ಇಂಧನದ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡುವುದೇ ತೂಕ ಹೆಚ್ಚಲು ಕಾರಣ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಉಷ್ಣತೆ ಸಾಮಾನ್ಯವಾಗಿ ಸೊನ್ನೆಗಿಂತ 40 ಡಿಗ್ರಿಗೂ ಕೆಳಗಿರುತ್ತದೆ. ಅಲ್ಲಿ ಆ ಆವಿ ಮಸಿಯ ಕಣಗಳ ಮೇಲೆ ಕ್ಷಣಾರ್ಧದಲ್ಲಿ ಹೆಪ್ಪುಗಟ್ಟುತ್ತದೆ. ಜನವರಿಯ ಮುಂಜಾನೆ ಬಸ್ಸಿಗೆ ಕಾಯುವಾಗ ನಮ್ಮ ಉಸಿರು ಹೊಗೆಯಂತೆ ಕಾಣುವುದೂ ಆವಿ ತಣ್ಣಗಾಗುವುದರಿಂದಲೇ. ಪಾಲಂನಲ್ಲಿ ಇಳಿಯಲು ತಗ್ಗಿನಲ್ಲಿ ಬರುವ ವಿಮಾನಗಳ ಹಿಂದೆ ಇಂತಹ ಗೆರೆ ಕಾಣದಿರುವುದು ಅಲ್ಲಿ ಅಷ್ಟು ಚಳಿ ಇಲ್ಲದ್ದರಿಂದ.

ಹಾಗಾದರೆ ಕೆಲವು ಮಾತ್ರ ಏಕೆ ಉಳಿಯುತ್ತವೆ? ಮೇ ತಿಂಗಳ ದೆಹಲಿಯಲ್ಲಿ ಬೇಗನೆ ಒಣಗುವ ಬಟ್ಟೆ ಮಂಗಳೂರಿನ ಮಳೆಗಾಲದಲ್ಲಿ ಮೂರು ದಿನವಾದರೂ ಒಣಗದು. ಬಟ್ಟೆ ಒಂದೇ, ಗಾಳಿ ಬೇರೆ. ಮೇಲಿನ ಗಾಳಿ ಒಣಗಿದ್ದರೆ ಹಿಮಕಣಗಳು ಆವಿಯಾಗುತ್ತವೆ. ತೇವದಿಂದ ತುಂಬಿದ್ದರೆ ಬೆಳೆದು ಹರಡುತ್ತವೆ. ಈ ತೇವ ಪದರ ಪದರವಾಗಿರುವುದರಿಂದ ಒಂದೇ ಹೊತ್ತಿನಲ್ಲಿ ಒಂದು ವಿಮಾನಕ್ಕೆ ಗೆರೆಯಿದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ಎರಡನೆಯ ಮಹಾಯುದ್ಧದ ಬಾಂಬರುಗಳ ಹಿಂದೆಯೂ ಇಂತಹ ಗೆರೆಗಳು ಕಂಡಿದ್ದವು.

ಸಂಶಯದ ಬೇರು

ಹವಾಮಾನವನ್ನು ಯುದ್ಧದಲ್ಲಿ ಬಳಸಿಕೊಳ್ಳುವ ಕುರಿತು 1996ರಲ್ಲಿ ಅಮೆರಿಕದ ವಾಯುಪಡೆಯ ಪ್ರಬಂಧವೊಂದು ಹೊರಬಂದ ತರುವಾಯ ಈ ಗುಮಾನಿ ಬಲವಾಯಿತು. 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ 77 ತಜ್ಞರ ಪೈಕಿ 76 ಮಂದಿ ಗುಪ್ತ ಸಿಂಪಡಣೆಗೆ ಯಾವ ಸಾಕ್ಷ್ಯವನ್ನೂ ಕಂಡಿಲ್ಲವೆಂದರು. ವೋಚರ್ ಇಲ್ಲದ ಖರ್ಚನ್ನು ಲೆಕ್ಕಪರಿಶೋಧಕರು ಒಪ್ಪುವುದಿಲ್ಲ. ಇಲ್ಲಿಯೂ ಅದೇ ನಿಯಮ ಸಲ್ಲಬೇಕು.

ವಿಮಾನದಿಂದ ರಾಸಾಯನಿಕ ಬಿಡುವುದೇ ಇಲ್ಲವೆಂದಲ್ಲ. 2017ರಲ್ಲಿ ಕರ್ನಾಟಕ ಸರ್ಕಾರ ‘ವರ್ಷಧಾರಿ’ ಯೋಜನೆಯಲ್ಲಿ ಮೋಡಬಿತ್ತನೆ ನಡೆಸಿತು. ದೆಹಲಿಯಲ್ಲಿಯೂ 2025ರ ಅಕ್ಟೋಬರ್ 28ರಂದು ಕಾನ್ಪುರದ ಐ.ಐ.ಟಿ. ಇದೇ ಪ್ರಯತ್ನ ಮಾಡಿತು. ಮೋಡಗಳಲ್ಲಿ ತೇವ ಸಾಲದೆ ಹೇಳಿಕೊಳ್ಳುವಂತಹ ಮಳೆ ಬರಲಿಲ್ಲ. ಆದರೆ ಇವು ಸಣ್ಣ ವಿಮಾನಗಳಿಂದ ಮೋಡಗಳ ಬಳಿ ಬಹಿರಂಗವಾಗಿ ನಡೆದ ಕಾರ್ಯಗಳು. ಪ್ರಯಾಣಿಕರ ವಿಮಾನದ ಬಿಳಿಗೆರೆಗೂ ಇವಕ್ಕೂ ಸಂಬಂಧವಿಲ್ಲ.

ಇನ್ನೊಂದು ಸಂಗತಿ. ಸೂಕ್ಷ್ಮ ಕಣಗಳು ಅಷ್ಟೆತ್ತರದಿಂದ ನೆಲಕ್ಕಿಳಿಯಲು ದಿನಗಳೇ ಬೇಕು. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಆ ಎತ್ತರದ ಗಾಳಿ ಗಂಟೆಗೆ 100 ಕಿಲೋಮೀಟರ್ ಮೀರುವುದು ಸಾಮಾನ್ಯ. ನಮ್ಮ ತಲೆಯ ಮೇಲೆ ಕಂಡ ಗೆರೆ ನಮ್ಮ ಮೇಲೆಯೇ ಬೀಳಲಾರದು.

ನಿಜವಾದ ವಿಷ ಎಲ್ಲಿದೆ?

ಅದು ಮೂಗಿನ ಮಟ್ಟದಲ್ಲಿದೆ. ವಾಹನಗಳ ಹೊಗೆ, ರಸ್ತೆಯ ಧೂಳು, ಸುಟ್ಟ ಕಸ, ಹೊಲದ ಕೂಳೆಯ ಬೆಂಕಿ ಇವುಗಳ ಕಣಗಳನ್ನು ಚಳಿಗಾಲದ ತಣ್ಣನೆಯ ಗಾಳಿ ನೆಲದ ಬಳಿಯೇ ಹಿಡಿದಿಡುತ್ತದೆ. ಮೇಲಿನ ಬೆಚ್ಚನೆಯ ಪದರ ಮುಚ್ಚಳದಂತೆ ಕೂರುತ್ತದೆ. 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಹೃದಯಕ್ಕೂ ಹಾನಿ ಮಾಡುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ಇವುಗಳ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿತು. ಭಾರತದ ಮಿತಿ 40. ದೆಹಲಿ ಇದನ್ನೂ ಬಹಳ ಮೀರುತ್ತ ಬಂದಿದೆ.

ಆರ್.ಕೆ.ಪುರಂನಲ್ಲಿಯೇ ವಾಯುಮಾಪನ ಕೇಂದ್ರವಿದೆ. ಅದರ ಅಂಕಿಯನ್ನು ನೋಡಿಯೇ ಹಿರಿಯರು ಬೆಳಗಿನ ವಾಯುಸೇವನೆಗೆ ಹೊರಡುವುದು ಲೇಸು. ಗಾಳಿ ಕೆಟ್ಟ ದಿನ ಮಕ್ಕಳ ಆಟ ಒಳಗಿರಲಿ. ಹೊರಗೆ ಹೋಗಲೇಬೇಕಾದರೆ ಮುಖಕ್ಕೆ ಸರಿಯಾಗಿ ಕೂರುವ ಎನ್-95 ಮುಖವಾಡವಿರಲಿ. ದಮ್ಮಿನ ರೋಗಿಗಳು ವೈದ್ಯರು ಹೇಳಿದ ಔಷಧಿಯನ್ನು ತಪ್ಪಿಸಬಾರದು. ಆಕಾಶದ ಗೆರೆಯನ್ನು ದೂಷಿಸುತ್ತ ಕುಳಿತರೆ ಬೀದಿಯ ಹೊಗೆಯನ್ನು ಪ್ರಶ್ನಿಸುವವರು ಯಾರು? ಬಡಾವಣೆಯಲ್ಲಿ ಒಣಗಿದೆಲೆ, ಕಸ ಸುಡುವುದನ್ನು ತಡೆಯುವುದರಿಂದಲೇ ನಾವು ಆರಂಭಿಸಬಹುದು.