ಫರಸಿಯ ಮೇಲೆ ಟಿಕ್ ಟಿಕ್

ರಾತ್ರಿ ಹಿಡಿದ ಜಿಟಿಜಿಟಿ ಮಳೆ ಬೆಳಗಾದರೂ ಬಿಟ್ಟಿಲ್ಲ. ಬೆಳಗಾವಿಯ ಟಿಳಕವಾಡಿಯ ಈ ಓಣಿಯಲ್ಲಿ ಮಾವಿನ ಮರ ತೊಟ್ಟಿಕ್ಕುತ್ತಲೇ ಇದೆ. ಎರಡನೆಯ ರೈಲ್ವೆ ಗೇಟಿನ ಕಡೆಯಿಂದ ಲೋಂಡಾಕ್ಕೆ ಹೊರಟ ಗಾಡಿಯ ಸಿಳ್ಳು ತೇವದ ಗಾಳಿಯಲ್ಲಿ ಎಳೆದೆಳೆದು ಬರುತ್ತಿದೆ. ಅಡುಗೆಮನೆಯಲ್ಲಿ ಆಯಿ ಹಸಿಶುಂಠಿ ಜಜ್ಜಿ ಚಹಾಕ್ಕೆ ಹಾಕಿದ ವಾಸನೆ ಪಡಸಾಲೆಯವರೆಗೂ ಹರಡಿದೆ. ಇಷ್ಟರ ನಡುವೆ, ಕಿವಿಗೊಟ್ಟವರಿಗಷ್ಟೇ ಕೇಳುವ ಇನ್ನೊಂದು ಸದ್ದು ಇದೆ. ಟಿಕ್, ಟಿಕ್, ಟಿಕ್. ಒಳಕೋಣೆಯಿಂದ ಮೋತಿ ಫರಸಿಯ ಮೇಲೆ ನಡೆದು ಬರುತ್ತಿದೆ.

ಆ ಸದ್ದು ಕೇಳಿದ ಕಾಕಾ ಓದುತ್ತಿದ್ದ ಪೇಪರನ್ನು ಮಡಚಿಟ್ಟರು. "ತಮ್ಮಾ, ಇದರ ಉಗುರು ಬೆಳದಾವ ನೋಡು" ಎಂದು ಅಣ್ಣನ ಮಗನನ್ನು ಕರೆದರು. ನಾಯಿ ನೆಟ್ಟಗೆ ನಿಂತಾಗ ಉಗುರಿನ ತುದಿ ನೆಲಕ್ಕೆ ತಾಗಬಾರದು. ತಾಗಿದರೆ ಪ್ರತಿ ಹೆಜ್ಜೆಗೂ ನೆಲವೇ ಬೆರಳನ್ನು ಹಿಂದಕ್ಕೆ ಒತ್ತುತ್ತದೆ, ಪಾದ ತನ್ನ ನೆಲೆ ತಪ್ಪುತ್ತದೆ, ಮೈಭಾರ ಬೀಳಬಾರದ ಕೀಲಿನ ಮೇಲೆ ಬೀಳುತ್ತದೆ. ನುಣುಪು ಟೈಲ್ಸಿನ ಮೇಲಂತೂ ಅಂಗಾಲಿನ ಮೆತ್ತೆಗೆ ಹಿಡಿತವೇ ಸಿಗದೆ ಹಿಂಗಾಲು ಜಾರುತ್ತದೆ. ಮುದಿನಾಯಿಗಳು ಏಳಲು ಒದ್ದಾಡುವುದನ್ನು ನೋಡಿ ವಯಸ್ಸಾಯಿತು ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಆ ಒದ್ದಾಟದಲ್ಲಿ ಉಗುರಿನ ಪಾಲೂ ಇರುತ್ತದೆ.

ನೀವೂ ಚಾಪೆಯ ಅಂಚಿಗೆ ಕೂತುಕೊಳ್ಳಿ. ಕಾಕಾ ಕಿಟಕಿಯ ಬೆಳಕು ಬೀಳುವ ಜಾಗ ಹುಡುಕಿ ಹಳೆಯ ಟವೆಲ್ ಹಾಸಿದ್ದಾರೆ. ಪಕ್ಕದಲ್ಲಿ ಇಕ್ಕಳದ ಆಕಾರದ ನಾಯಿ ಉಗುರಿನ ಕಟರ್, ಒಂದು ಸಣ್ಣ ಅರ, ಕ್ಷೌರದವರು ಗಲ್ಲಕ್ಕೆ ಉಜ್ಜುವ ತುರಟಿಯ ಕಲ್ಲು, ಬಟ್ಟಲಲ್ಲಿ ಎಲುಬು ತೆಗೆದ ಬೇಯಿಸಿದ ಕೋಳಿಯ ಚೂರು. ನಾವು ಉಗುರು ತೆಗೆದುಕೊಳ್ಳುವ ನೇಲ್ ಕಟರ್ ಇದಕ್ಕೆ ಒಗ್ಗುವುದಿಲ್ಲ. ನಾಯಿಯ ಉಗುರು ಚಪ್ಪಟೆಯಲ್ಲ, ದುಂಡಗಿರುತ್ತದೆ. ನಮ್ಮ ನೇಲ್ ಕಟರಿನ ಬಾಯಿ ಅದನ್ನು ಕತ್ತರಿಸುವ ಬದಲು ಜಜ್ಜಿ ಸೀಳುತ್ತದೆ. ಮೊಂಡಾದ ಕಟರೂ ಅದನ್ನೇ ಮಾಡುತ್ತದೆ. ಆಯಿ ಒಳಗಿನಿಂದ "ಒಂದ ಚೂರು ಕುಂದಾ ಕೊಡ್ಲೇನ ಅದಕ್ಕ?" ಎಂದು ಕೇಳಿದರು. ಬೆಳಗಾವಿ ಕುಂದಾದ ಪರಿಮಳಕ್ಕೆ ಮೋತಿಯ ಮೂಗು ಆಗಲೇ ಅರಳಿತ್ತು. ಆದರೆ ಅಷ್ಟು ಸಕ್ಕರೆ ನಾಯಿಗೆ ಸಲ್ಲದು. ಬಟ್ಟಲಿನ ಕೋಳಿಯೇ ಸಾಕಾಯಿತು.

ಕೆಲಸ ಕತ್ತರಿಯಿಂದ ಶುರುವಾಗಲಿಲ್ಲ. ಕಾಕಾ ಮೊದಲು ಮೋತಿಯ ಬೆನ್ನು ಸವರಿದರು, ಭುಜದಿಂದ ಕೈ ಇಳಿಸುತ್ತ ಮುಂಗಾಲಿಗೆ ಬಂದರು, ಪಾದವನ್ನು ಅಂಗೈಯಲ್ಲಿ ಸುಮ್ಮನೆ ಹಿಡಿದರು. ಒಂದು ಚೂರು ಕೋಳಿ. ಹೆಬ್ಬೆರಳಿನಿಂದ ಮೆತ್ತೆಯನ್ನು ಹಗುರಾಗಿ ಒತ್ತಿದಾಗ ಉಗುರು ಮುಂದಕ್ಕೆ ಚಾಚಿತು. ಇನ್ನೊಂದು ಚೂರು. ಕಟರನ್ನು ಮೂಸಲು ಬಿಟ್ಟರು, ಗಾಳಿಯಲ್ಲೇ ಅದರ ಕಟ್ ಸದ್ದು ಕೇಳಿಸಿದರು, ಮತ್ತೆ ಒಂದು ಚೂರು. ಮರಿಯಾಗಿದ್ದಾಗಿನಿಂದ ಹೀಗೆ ಪಾದ ಮುಟ್ಟಿಸಿಕೊಂಡು ಬೆಳೆದ ನಾಯಿ ದೊಡ್ಡದಾದ ಮೇಲೂ ಕಾಲು ಕೊಡುತ್ತದೆ. ದೊಡ್ಡದಾದ ಮೇಲೆ ಮನೆಗೆ ಬಂದ ನಾಯಿಗೆ ಈ ಪರಿಚಯಕ್ಕೇ ಕೆಲವು ವಾರ ಹಿಡಿಯಬಹುದು. ಅಷ್ಟು ದಿನ ಕಟರ್ ಉಗುರಿಗೆ ತಾಗದಿದ್ದರೂ ಕೆಲಸ ನಡೆದೇ ಇದೆ ಎಂದು ತಿಳಿಯಬೇಕು. ಹುಡುಗ ಉತ್ಸಾಹದಲ್ಲಿ ಮೋತಿಯ ಕತ್ತು ಅಮುಕಿಕೊಂಡ. "ಅಷ್ಟ ಗಟ್ಟಿ ಹಿಡೀಬ್ಯಾಡೋ, ಅದಕ್ಕ ಅಂಜಿಕಿ ಆಗತೈತಿ" ಎಂದರು ಕಾಕಾ. ಹುಡುಗ ಕೈ ಸಡಿಲಿಸಿದ. ಮೋತಿ ಒಂದು ದೊಡ್ಡ ಉಸಿರು ಬಿಟ್ಟು ಮಗ್ಗುಲಾಗಿ ಮಲಗಿತು.

ಮೋತಿಯ ಮುಂಗಾಲಿನ ಉಗುರುಗಳಲ್ಲಿ ಎರಡು ಬಿಳಿ, ಉಳಿದವು ಕಪ್ಪು. ಬಿಳಿಯದನ್ನು ಬೆಳಕಿಗೆ ಹಿಡಿದಾಗ ಒಳಗೆ ತೆಳು ಗುಲಾಬಿ ಬಣ್ಣ ಕಾಣಿಸಿತು. ಪೆನ್ಸಿಲಿನ ನಡುವೆ ಸೀಸದ ಕಡ್ಡಿ ಇರುವಂತೆ ನಾಯಿಯ ಉಗುರಿನ ನಡುವೆ ರಕ್ತನಾಳ, ನರ ಎರಡೂ ಇರುವ ಒಂದು ಜೀವಂತ ತಿರುಳಿದೆ. ಹೊರಗಿನ ಗಡಸು ಕವಚಕ್ಕೆ ನೋವಿಲ್ಲ, ತಿರುಳಿಗೆ ಕಟರ್ ತಾಗಿದರೆ ನೋವೂ ಹೌದು, ರಕ್ತವೂ ಹೌದು. ಬಿಳಿ ಉಗುರಿನಲ್ಲಿ ಗುಲಾಬಿ ಬಣ್ಣ ಮುಗಿದಲ್ಲಿಂದ ಒಂದೆರಡು ಮಿಲಿಮೀಟರ್ ಆಚೆ ಬಿಟ್ಟು, ಉಗುರಿನ ಬಾಗಿಗೆ ತಕ್ಕಂತೆ ಓರೆಯಾಗಿ ಕತ್ತರಿಸಿದರೆ ಮುಗಿಯಿತು. ಕಟ್. ಅರ್ಧಚಂದ್ರದ ಚೂರೊಂದು ಹಾರಿ ಟವೆಲಿನ ಅಂಚಿಗೆ ಬಿತ್ತು.

ಕಪ್ಪು ಉಗುರಿನಲ್ಲಿ ಒಳಗಿನದೇನೂ ಕಾಣುವುದಿಲ್ಲ. ಇಲ್ಲಿ ಕಾಕಾ ಪಾದವನ್ನು ಮೇಲಕ್ಕೆತ್ತಿ ಉಗುರಿನ ಅಡಿಭಾಗ ತೋರಿಸಿದರು. ತುದಿಯಲ್ಲಿ ಅದು ಟೊಳ್ಳು, ಬುಡದ ಕಡೆ ಹೋದಂತೆ ತುಂಬಿಕೊಳ್ಳುತ್ತದೆ. ಟೊಳ್ಳಾಗಿರುವಷ್ಟನ್ನು ಧೈರ್ಯವಾಗಿ ತೆಗೆಯಬಹುದು. ಆಮೇಲೆ ಒಂದೇ ಸಲಕ್ಕೆ ಕಡಿಯದೆ ತೆಳುವಾಗಿ ಹೆರೆಯುತ್ತ ಹೋಗಬೇಕು, ಪ್ರತಿ ಹೆರೆತಕ್ಕೂ ಕತ್ತರಿಸಿದ ಮುಖವನ್ನು ನೋಡಬೇಕು. ಮೊದಮೊದಲು ಅದು ಸುಣ್ಣ ಬಳಿದ ಬಣ್ಣದಲ್ಲಿ ಒಣಗಿರುತ್ತದೆ. ಮುಂದೆ ನಟ್ಟನಡುವೆ ತೇವದ, ಮಬ್ಬುಬಣ್ಣದ ಒಂದು ಚುಕ್ಕೆ ಮೂಡುತ್ತದೆ. ತಿರುಳು ಹತ್ತಿರ ಬಂದ ಗುರುತು ಅದು, ಅಲ್ಲಿಗೆ ಕೈ ನಿಲ್ಲಬೇಕು.

"ಕಾಕಾ, ಇನ್ನೂ ಉದ್ದ ಐತಲಾ?" ಎಂದು ಹುಡುಗ ಕೇಳಿದ.

"ಇರ್ಲಿ ಬಿಡೋ. ಒಳಗ ಜೀವ ಐತಿ. ಮುಂದಿನ ವಾರ ಮತ್ತ ಚೂರು ತಗಿಯೂಣು."

ಈ ಮಾತಿನಲ್ಲಿ ತಾಳ್ಮೆಯಷ್ಟೇ ಅಲ್ಲ, ದೇಹದ ನಿಯಮವೂ ಇದೆ. ಬಹಳ ದಿನ ಬಿಟ್ಟ ಉಗುರಿನ ಜೊತೆ ತಿರುಳೂ ಉದ್ದವಾಗಿ ಬೆಳೆದಿರುತ್ತದೆ. ತುದಿಯನ್ನು ವಾರವಾರ ಚೂರು ಚೂರೇ ತೆಗೆಯುತ್ತ ಬಂದರೆ ತಿರುಳು ತಾನಾಗಿ ಹಿಂದೆ ಸರಿಯುತ್ತದೆ. ಒಂದೇ ದಿನ ಗಿಡ್ಡ ಮಾಡಿ ಮುಗಿಸುವ ಆತುರವೇ ನಾಯಿಗೆ ನೋವು ಕೊಡುವುದು. ಆಮೇಲೆ ಕಟರ್ ಕಂಡೊಡನೆ ಮಂಚದ ಕೆಳಗೆ ಓಡುವ ನಾಯಿಯ ಮೇಲೆ ನಾವು ಸಿಟ್ಟಾಗುತ್ತೇವೆ.

ನಾಲ್ಕನೆಯ ಉಗುರಿಗೆ ಬಂದಾಗ ಓಣಿಯಲ್ಲಿ ಯಾರೋ ಮೋಟಾರ್‌ಸೈಕಲ್ ಒದ್ದು ಚಾಲೂ ಮಾಡಿದರು. ಮೋತಿ ಬೆಚ್ಚಿ ಕಾಲು ಎಳೆದುಕೊಂಡಿತು. ಟವೆಲಿನ ಮೇಲೆ ಒಂದು ಕೆಂಪು ಹನಿ, ಅದರ ಹಿಂದೆ ಇನ್ನೊಂದು. ಹುಡುಗನ ಮುಖ ಬಿಳಚಿತು. ಕಾಕಾ ದನಿಯೇರಿಸಲಿಲ್ಲ. ಮೋತಿಯ ತಲೆಯ ಮೇಲೆ ಒಂದು ಕೈಯಿಟ್ಟು, ತುರಟಿಯನ್ನು ನೀರಿಗೆ ಅದ್ದಿ ಉಗುರಿನ ತುದಿಗೆ ಒತ್ತಿ ಹಿಡಿದರು. ಔಷಧದಂಗಡಿಯಲ್ಲಿ ರಕ್ತ ಕಟ್ಟುವ ಪುಡಿಯೂ ಸಿಗುತ್ತದೆ. ಏನೂ ಇಲ್ಲದ ಹೊತ್ತಿನಲ್ಲಿ ಅಡುಗೆಮನೆಯ ಕಾರ್ನ್‌ಫ್ಲೋರ್ ಮೆತ್ತಿ ಒತ್ತಿದರೂ ಆಗುತ್ತದೆ. ನಿಂತಿತೋ ಇಲ್ಲವೋ ಎಂದು ಮತ್ತೆಮತ್ತೆ ಕೈ ತೆಗೆದು ನೋಡದೆ 5 ನಿಮಿಷ ಒಂದೇ ಸಮ ಒತ್ತಬೇಕು. ಸಣ್ಣ ಗಾಯದ ರಕ್ತ ಸಾಮಾನ್ಯವಾಗಿ ಅಷ್ಟರಲ್ಲಿ ನಿಲ್ಲುತ್ತದೆ. 20 ನಿಮಿಷವಾದರೂ ಜಿನುಗುತ್ತಲೇ ಇದ್ದರೆ ಪಶುವೈದ್ಯರ ಬಳಿ ಹೋಗಲೇಬೇಕು. ಎಷ್ಟು ಸಾಧುವಾದ ನಾಯಿಯೂ ನೋವಿನಲ್ಲಿ ಬಾಯಿ ಹಾಕಬಹುದು. ಹಾಗಾಗಿ ಮುಖವನ್ನು ಅದರ ಬಾಯಿಯ ಹತ್ತಿರ ಒಯ್ಯಬಾರದು, ರೇಬಿಸ್ ಲಸಿಕೆ ತಪ್ಪಿಸಬಾರದು. ಹಲ್ಲು ತಾಗಿ ಚರ್ಮ ಹರಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಮನೆಯ ನಾಯಿ ಎಂಬ ಸಲುಗೆ ಇಲ್ಲಿ ಬೇಡ.

ಅವತ್ತಿಗೆ ಅಷ್ಟೇ. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕುನಾಲ್ಕು, ಸಾಮಾನ್ಯವಾಗಿ ಒಂದು ನಾಯಿಗೆ 18 ಉಗುರು. ಎಲ್ಲವನ್ನೂ ಒಂದೇ ದಿನ ಮುಗಿಸಬೇಕೆಂದು ಯಾರೂ ಹೇಳಿಲ್ಲ.

ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಒಂದು ಮುಧೋಳ ನಾಯಿಯಿದೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಸೀಮೆಯಲ್ಲಿ ಬೇಟೆಗೆಂದೇ ಬೆಳೆದ ತಳಿ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಚೆಲುವು. ಹೊಲದ ಬದುವಿನಲ್ಲಿ, ಕಲ್ಲುಭೂಮಿಯಲ್ಲಿ ಓಡಬೇಕಾದ ಆ ಉದ್ದಕಾಲುಗಳು ಇಲ್ಲಿ ಲಿಫ್ಟಿನಲ್ಲಿ ಇಳಿದು, ವ್ಯಾಕ್ಸಿನ್ ಡಿಪೊದ ಹುಲ್ಲಿನ ಮೇಲೆ ಒಂದು ಸುತ್ತು ಹಾಕಿ ವಾಪಸಾಗುತ್ತವೆ. ಹುಲ್ಲು ಉಗುರನ್ನು ಸವೆಸುವುದಿಲ್ಲ, ಟೈಲ್ಸೂ ಸವೆಸುವುದಿಲ್ಲ. ನೆಲ ಮಾಡುತ್ತಿದ್ದ ಕೆಲಸವನ್ನು ನಾಯಿಯಿಂದ ಕಸಿದುಕೊಂಡವರು ನಾವು. ಕಟರ್ ಹಿಡಿಯುವ ಹೊಣೆ ನಮ್ಮದೇ ಎಂದು ನನಗೆ ಬಲವಾಗಿ ಅನ್ನಿಸುವುದು ಆ ಮುಧೋಳವನ್ನು ನೋಡಿದಾಗ.

ನೆಲ ಆ ಕೆಲಸ ಹೇಗೆ ಮಾಡುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ದೇಸೂರ, ಇದ್ದಲಹೊಂಡ ದಾಟಿದರೆ ಸುಮಾರು 26 ಕಿಲೋಮೀಟರಿಗೆ ಖಾನಾಪುರ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಕೆಂಪಾಗಿ ಹರಿಯುತ್ತಿರುತ್ತಾಳೆ, ಗದ್ದೆಗಳಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಬಾಗಿದ ಹೆಂಗಸರು ಭತ್ತ ನಾಟಿ ಮಾಡುತ್ತಿರುತ್ತಾರೆ, ಹಂಚಿನ ಮನೆಗಳಿಂದ ಒದ್ದೆ ಸೌದೆಯ ಹೊಗೆ ಏಳುತ್ತಿರುತ್ತದೆ. ಊರಾಚೆಯ ಒಂದು ಹೊಲದಲ್ಲಿ ಕಂದುಬಣ್ಣದ ನಾಯಿಯೊಂದು ಒಡತಿಯ ಹಿಂದೆಯೇ ಜಂಬಿಟ್ಟಿಗೆ ಕಲ್ಲಿನ ದಾರಿಯಲ್ಲಿ ಬಂತು. ತೂತುತೂತಾದ ಆ ಒರಟು ಕೆಂಪುಕಲ್ಲಿನ ಮೇಲೆ ದಿನವಿಡೀ ಓಡಾಡಿ ಅದರ ಉಗುರೆಲ್ಲ ಮೋಟಾಗಿದ್ದವು.

"ಇದರ ಉಗುರ ಯಾರ್ ತಗೀತಾರ್ರೀ, ಕಲ್ಲ ತಗೀತೈತಿ" ಎಂದರು ಆ ಅಜ್ಜಿ.

ಮಾತು ನಿಜ, ಒಂದು ಉಗುರಿನ ಹೊರತು. ಮುಂಗಾಲಿನ ಒಳಮಗ್ಗುಲಲ್ಲಿ, ಪಾದಕ್ಕಿಂತ ಮೇಲೆ ಇರುವ ಐದನೆಯ ಉಗುರು ನೆಲವನ್ನು ತಾಗುವುದಿಲ್ಲ. ಕಲ್ಲಿಗೂ ಅದು ಸಿಗುವುದಿಲ್ಲ. ಸವೆಯದ ಉಗುರು ಸುರುಳಿಯಾಗಿ ಬಾಗಿ ಕೊನೆಗೆ ತನ್ನದೇ ಚರ್ಮಕ್ಕೆ ಚುಚ್ಚಿಕೊಳ್ಳುತ್ತದೆ. ಈ ನಾಯಿ ಕುಂಟುತ್ತಿದ್ದುದೂ ಅದಕ್ಕೇ. ಮನೆಯವರು ಮುಳ್ಳು ನೆಟ್ಟಿದೆ ಎಂದುಕೊಂಡು ಅರಿಸಿನ ಹಚ್ಚಿದ್ದರು. ಹೀಗೆ ಒಳಗಿಳಿದ ಉಗುರಿಗೆ ಮನೆಯಲ್ಲಿ ಕೈ ಹಾಕಬಾರದು. ಮಳೆಗಾಲದ ಒದ್ದೆಯಲ್ಲಿ ಗಾಯ ಬೇಗ ಕೀವಾಗುತ್ತದೆ, ನೊಣ ಕೂತು ಹುಳು ಬೀಳುವುದೂ ಉಂಟು. ಎಮ್ಮೆ, ಆಡುಗಳ ಸಾಲಿನಲ್ಲಿ ನಾಯಿಯನ್ನೂ ನಿಲ್ಲಿಸಿಕೊಂಡು ಪಶು ಆಸ್ಪತ್ರೆಗೆ ಒಯ್ದಾಗ, ಡಾಕ್ಟರು ಬ್ಯಾಂಡೇಜ್ ಬಟ್ಟೆಯಿಂದ ಮೂತಿ ಕಟ್ಟಿಸಿ, ಉಗುರನ್ನು ಕತ್ತರಿಸಿ ಎಳೆದು ತೆಗೆದರು, ಗಾಯ ತೊಳೆದು ಔಷಧ ಹಚ್ಚಿದರು. ಬೆರಳುಗಳ ಸಂದಿಯಲ್ಲಿ ಕಚ್ಚಿಕೊಂಡಿದ್ದ ಉಣ್ಣಿಗಳನ್ನೂ ತೋರಿಸಿ, ತಿಂಗಳಿಗೊಮ್ಮೆಯಾದರೂ ಆ ಒಂದು ಉಗುರನ್ನು ಮುಟ್ಟಿ ನೋಡಿರಿ ಎಂದರು.

ಅಜ್ಜಿಗೆ ತಿಂಗಳ ಲೆಕ್ಕ ಕ್ಯಾಲೆಂಡರಿನದಲ್ಲ. "ಅಮಾಸಿ ದಿನ ಎತ್ತ ಹೂಡಂಗಿಲ್ಲರಿ ನಾವು. ಎತ್ತಿನ ಮೈ ತೊಳಿಯೂ ಮುಂದ ಇದರ ಕಾಲೂ ನೋಡತೇನಿ" ಎಂದರು.